ಶೇಕಡಾ ಒಂದರ ಗೆರೆ

ರಾತ್ರಿ ಹನ್ನೊಂದರ ಹೊತ್ತಿಗೆ ಎಡ ಮಂಡಿಯೊಳಗೆ ಏನೋ ಜುಮುಗುಟ್ಟುತ್ತದೆ. ನೋವಿಲ್ಲ, ಊತವೂ ಇನ್ನೂ ಕಾಣುತ್ತಿಲ್ಲ. ಕೀಲಿನೊಳಗೆ ಸಣ್ಣಗೆ ಬಿಸಿಯೇರಿದಂತೆ, ಯಾರೋ ಒಳಗಿನಿಂದ ಬಿಗಿಹಿಡಿದಂತೆ ಅನ್ನಿಸುತ್ತದೆ. ಬೇರೆಯವರಾಗಿದ್ದರೆ ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಿದ್ದರು. ತೀವ್ರ ಹಿಮೋಫಿಲಿಯಾ ಇರುವ ಮೂವತ್ತೈದರ ಗಂಡಸಿಗೆ ಮಾತ್ರ ಇದೇನೆಂದು ಚೆನ್ನಾಗಿ ಗೊತ್ತು. ಬ್ಲೀಡಿಂಗ್ ಶುರುವಾಗಿದೆ.

ಅವನ ತಲೆಯಲ್ಲಿ ಆಗಲೇ ಲೆಕ್ಕಾಚಾರ ಓಡುತ್ತಿರುತ್ತದೆ. ಜಿಲ್ಲಾಸ್ಪತ್ರೆ ನಲವತ್ತು ಕಿಲೋಮೀಟರ್ ದೂರ. ಮೊದಲ ಬಸ್ಸು ಆರು ಗಂಟೆಗೆ. ನಾಳೆ ಕೆಲಸಕ್ಕೆ ರಜೆ, ಈ ತಿಂಗಳಲ್ಲಿ ಇದು ಮೂರನೆಯದು. ಹೆಂಡತಿಯನ್ನು ಎಬ್ಬಿಸಲೋ ಬೇಡವೋ. ಐಸ್ ಇಟ್ಟುಕೊಂಡು, ಮಂಡಿಯ ಕೆಳಗೆ ದಿಂಬು ಸೇರಿಸಿ, ಬೆಳಗಾಗುವುದನ್ನೇ ಕಾಯುತ್ತಾನೆ. ಬೆಳಗಿನ ಜಾವಕ್ಕೆ ಮಂಡಿ ಬಾತು, ಚರ್ಮ ಬಿಗಿದು ಹೊಳೆಯುತ್ತಿರುತ್ತದೆ. ಕಾಲು ನೀಡಲೂ ಆಗದು, ಮಡಿಸಲೂ ಆಗದು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಡಾಕ್ಟರು ಬಂದು, ನರ ಸಿಕ್ಕಿ, ಫ್ಯಾಕ್ಟರ್ ದೇಹದೊಳಗೆ ಹೋಗುವ ಹೊತ್ತಿಗೆ ಗಂಟೆ ಒಂಬತ್ತೂವರೆ. ಅಂದರೆ ಹತ್ತೂವರೆ ಗಂಟೆ ಕಾಲ ಆ ಕೀಲಿನೊಳಗೆ ರಕ್ತ ಸುರಿದಿದೆ.

ಇದನ್ನು ವೈದ್ಯಕೀಯದಲ್ಲಿ ‘ಆನ್ ಡಿಮ್ಯಾಂಡ್’ ಚಿಕಿತ್ಸೆ ಎನ್ನುತ್ತಾರೆ: ರಕ್ತಸ್ರಾವ ಆದಾಗ ಮಾತ್ರ ಔಷಧ. ಇನ್ನೊಂದು ದಾರಿ ‘ಪ್ರೊಫಿಲ್ಯಾಕ್ಸಿಸ್’: ಆಗಲಿ ಬಿಡಲಿ, ವಾರಕ್ಕಿಷ್ಟು ಸಲ ಎಂದು ಮೊದಲೇ ಔಷಧ ಕೊಟ್ಟು, ರಕ್ತಸ್ರಾವ ಆಗದಂತೆ ನೋಡಿಕೊಳ್ಳುವುದು. ಮಕ್ಕಳ ವಿಷಯದಲ್ಲಿ ಎರಡನೆಯದೇ ಸರಿ ಎಂಬುದರಲ್ಲಿ ಈಗ ತಕರಾರಿಲ್ಲ. ದೊಡ್ಡವರ ವಿಷಯ ಬಂದಾಗ ಮಾತ್ರ ‘ಇಷ್ಟು ವರ್ಷ ಆಗಿಹೋಗಿದೆ, ಇನ್ನೇಕೆ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಈ ಅಧ್ಯಾಯವಿರುವುದು ಆ ‘ಇನ್ನೇಕೆ’ಗೆ ಉತ್ತರ ಕೊಡಲು.

ರಕ್ತ ಹೆಪ್ಪುಗಟ್ಟುವ ಕೆಲಸ ಸಾಲಾಗಿ ನಿಂತವರು ಕೈಯಿಂದ ಕೈಗೆ ಕೊಡ ದಾಟಿಸಿದ ಹಾಗೆ ನಡೆಯುತ್ತದೆ. ಸಾಲಿನಲ್ಲಿ ‘ಫ್ಯಾಕ್ಟರ್’ ಎಂದು ಕರೆಯುವ ಹತ್ತಾರು ಪ್ರೋಟೀನುಗಳು ನಿಂತಿರುತ್ತವೆ. ಎಂಟನೆಯ ಫ್ಯಾಕ್ಟರ್ ಇಲ್ಲದಿದ್ದರೆ ಅದು ಹಿಮೋಫಿಲಿಯಾ ಎ, ಒಂಬತ್ತನೆಯದು ಇಲ್ಲದಿದ್ದರೆ ಹಿಮೋಫಿಲಿಯಾ ಬಿ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬರಿಗೆ ಮೊದಲನೆಯದು ಬರುತ್ತದೆ. ಎರಡನೆಯದು ಇನ್ನೂ ಅಪರೂಪ. ನಮ್ಮ ಪತ್ರಿಕೆಗಳು ‘ಕುಸುಮ ರೋಗ’ ಎಂದು ಬರೆಯುತ್ತವೆ, ಆದರೆ ಮನೆಮಂದಿಯ ಬಾಯಲ್ಲಿ ‘ಹಿಮೋಫಿಲಿಯಾ’ವೇ ರೂಢಿ. ಗಾಯವಾದರೆ ಇವರಿಗೆ ರಕ್ತ ಧಾರಾಕಾರವಾಗಿ ಸುರಿಯುತ್ತದೆ ಎಂಬ ಕಲ್ಪನೆ ತಪ್ಪು. ಬೇರೆಯವರಿಗಿಂತ ಜೋರಾಗಿ ಸುರಿಯುವುದಿಲ್ಲ, ಬೇರೆಯವರಿಗಿಂತ ಹೆಚ್ಚು ಹೊತ್ತು ಸುರಿಯುತ್ತದೆ. ಅದೂ ಬಹುಪಾಲು ಹೊರಗೆ ಕಾಣುವ ಗಾಯದಲ್ಲಲ್ಲ. ಮಂಡಿ, ಪಾದದ ಕೀಲು, ಮೊಣಕೈ, ಇವುಗಳ ಒಳಗೆ.

ಸಹಜ ಮಟ್ಟವನ್ನು 100 ಎಂದಿಟ್ಟುಕೊಂಡರೆ, ಫ್ಯಾಕ್ಟರ್ 5ರಿಂದ 40ರ ನಡುವೆ ಇರುವವರದು ಸೌಮ್ಯ ಹಿಮೋಫಿಲಿಯಾ, 1ರಿಂದ 5ರ ನಡುವಿನದು ಮಧ್ಯಮ, 1ಕ್ಕಿಂತ ಕಡಿಮೆ ಇದ್ದರೆ ತೀವ್ರ. ಇಲ್ಲಿ ಒಂದಕ್ಕೂ ಎರಡಕ್ಕೂ ನಡುವಿನ ಅಂತರ ಕಾಗದದ ಮೇಲೆ ಕಾಣುವಷ್ಟು ಸಣ್ಣದಲ್ಲ. ಒಂದರ ಗೆರೆಯ ಕೆಳಗಿರುವವರಿಗೆ ಪೆಟ್ಟು ಬೀಳದೆಯೂ, ಮಲಗಿದಲ್ಲೇ, ಕೀಲಿನಲ್ಲಿ ರಕ್ತ ಒಸರುತ್ತದೆ. ಮೇಲಿರುವವರಿಗೆ ಹಾಗಾಗುವುದು ಕಡಿಮೆ. ಈ ಅಂತರವನ್ನು ಕಣ್ಣಿಟ್ಟು ನೋಡಿ, ಅದರಿಂದಲೇ ಒಂದು ಚಿಕಿತ್ಸೆಯನ್ನು ಕಟ್ಟಿದವರು ಸ್ವೀಡನ್ನಿನ ಮಾಲ್ಮೋ ನಗರದ ವೈದ್ಯೆ ಇಂಗಾ ಮರಿ ನಿಲ್ಸನ್ ಮತ್ತು ಅವರ ಸಂಗಡಿಗರು.

ಮಧ್ಯಮ ಹಿಮೋಫಿಲಿಯಾ ಇರುವವರು ದೊಡ್ಡವರಾದರೂ ಕೀಲು ಪೂರ್ತಿ ಕೆಟ್ಟು ಕೂರುವುದು ವಿರಳ ಎಂಬುದನ್ನು ಅವರು ಗಮನಿಸಿದ್ದರು. ಹಾಗಾದರೆ ತೀವ್ರ ರೋಗಿಯ ಫ್ಯಾಕ್ಟರನ್ನು ಸಹಜ ಮಟ್ಟಕ್ಕೆ ಒಯ್ಯಬೇಕಾಗಿಯೇ ಇಲ್ಲ, ಆ ಶೇಕಡಾ ಒಂದರ ಗೆರೆಯ ಮೇಲೆ ಸದಾ ಹಿಡಿದಿಟ್ಟರೆ ಸಾಕು. ತೀವ್ರವನ್ನು ಮಧ್ಯಮವಾಗಿಸಿದರೆ ಆಯಿತು. ವಿಜ್ಞಾನದಲ್ಲಿ ಇಷ್ಟು ಸರಳವಾದ, ಇಷ್ಟು ದೂರ ಕರೆದೊಯ್ದ ಯೋಚನೆಗಳು ಬಹಳ ಇಲ್ಲ. ಪ್ಲಾಸ್ಮಾದಿಂದ ಬೇರ್ಪಡಿಸಿದ ಸಾಂದ್ರ ಫ್ಯಾಕ್ಟರ್ ಆಗಷ್ಟೇ ಸ್ವೀಡನ್ನಿನಲ್ಲಿ ತಯಾರಾಗತೊಡಗಿತ್ತು. 1958ರಲ್ಲಿ ಮಾಲ್ಮೋದಲ್ಲಿ ಪ್ರೊಫಿಲ್ಯಾಕ್ಸಿಸ್ ಆರಂಭವಾಯಿತು. ಜಗತ್ತಿನ ಬಹುಪಾಲು ದೇಶಗಳಲ್ಲಿ ಹಿಮೋಫಿಲಿಯಾದ ಹುಡುಗರು ಬರಿಯ ರಕ್ತ, ಪ್ಲಾಸ್ಮಾಗಳನ್ನೇ ನಂಬಿ ಹಾಸಿಗೆ ಹಿಡಿಯುತ್ತಿದ್ದ ಕಾಲವದು.

ಪ್ಲಾಸ್ಮಾವನ್ನು ನಂಬುವುದೆಂದರೆ ಏನು ಎಂಬುದಕ್ಕೆ ಒಂದು ಲೆಕ್ಕ. ಒಬ್ಬ ಆರೋಗ್ಯವಂತನ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಎಷ್ಟು ಫ್ಯಾಕ್ಟರ್ ಇರುತ್ತದೋ ಅದಕ್ಕೆ ಒಂದು ಯೂನಿಟ್ ಎಂದು ಹೆಸರು. ವಯಸ್ಕನ ಮಂಡಿಯ ರಕ್ತಸ್ರಾವ ನಿಲ್ಲಿಸಲು 1,500 ಯೂನಿಟ್ ಬೇಕೆಂದರೆ ಒಂದೂವರೆ ಲೀಟರ್ ಪ್ಲಾಸ್ಮಾ ಬೇಕು. ಅಷ್ಟನ್ನು ಒಮ್ಮೆಗೇ ಏರಿಸಿದರೆ ಹೃದಯ ತಾಳುವುದು ಕಷ್ಟ. 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೂಡಿತ್ ಪೂಲ್ ಎಂಬ ವಿಜ್ಞಾನಿ, ಹಿಮಗಟ್ಟಿಸಿದ ಪ್ಲಾಸ್ಮಾವನ್ನು ಮೆಲ್ಲಗೆ ಕರಗಿಸಿದಾಗ ತಳದಲ್ಲಿ ಉಳಿಯುವ ಗಸಿಯಲ್ಲೇ ಎಂಟನೆಯ ಫ್ಯಾಕ್ಟರ್ ಸೇರಿಕೊಂಡಿರುವುದನ್ನು ಕಂಡುಹಿಡಿದರು. ಅದೇ ‘ಕ್ರಯೋ’. ಯಾವ ರಕ್ತನಿಧಿಯಲ್ಲಾದರೂ ತಯಾರಿಸಬಹುದಾದ ಅದು ನಮ್ಮ ದೇಶದಲ್ಲೂ ಎಷ್ಟೋ ಜೀವ ಉಳಿಸಿತು. ಆಮೇಲೆ ಬಂದದ್ದು ಪುಡಿರೂಪದ ಫ್ಯಾಕ್ಟರ್, ಅದರ ಬೆನ್ನಿಗೇ ದುರಂತ: ಸಾವಿರಾರು ಜನರ ಪ್ಲಾಸ್ಮಾ ಬೆರೆಸಿ ಮಾಡಿದ ಆ ಪುಡಿಯ ಮೂಲಕ 1980ರ ದಶಕದಲ್ಲಿ ಎಚ್‌ಐವಿ ಹರಡಿ, ಅಮೆರಿಕದ ಹಿಮೋಫಿಲಿಯಾ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೋಂಕು ತಗುಲಿತು. ಇಂದು ಬಳಸುವ ಫ್ಯಾಕ್ಟರ್ ವೈರಸ್ ನಾಶಮಾಡುವ ಹಂತಗಳನ್ನು ದಾಟಿ ಬರುತ್ತದೆ, ಇಲ್ಲವೇ ರಕ್ತದ ಸಂಪರ್ಕವೇ ಇಲ್ಲದೆ ಜೀವಕೋಶಗಳಲ್ಲಿ ತಯಾರಾಗುತ್ತದೆ. ಆದರೂ ಹಳಬರ ಮನಸ್ಸಿನಲ್ಲಿ ‘ಆದಷ್ಟು ಕಡಿಮೆ ತೊಗೊಂಡ್ರೆ ಒಳ್ಳೇದು’ ಎಂಬ ಅಂಜಿಕೆ ಉಳಿದುಕೊಂಡಿದೆ. ಅದನ್ನು ನಾನು ದೂರಲಾರೆ.

ಶೇಕಡಾ ಒಂದರ ಗೆರೆಯನ್ನು ಈಗ ಹತ್ತಿರದಿಂದ ನೋಡೋಣ. 60 ಕಿಲೋ ತೂಕದವನಿಗೆ ಕಿಲೋಗೆ 25ರಂತೆ 1,500 ಯೂನಿಟ್ ಎಂಟನೆಯ ಫ್ಯಾಕ್ಟರ್ ಕೊಟ್ಟರೆ ರಕ್ತದಲ್ಲಿ ಮಟ್ಟ ಸುಮಾರು 50ಕ್ಕೆ ಏರುತ್ತದೆ. ಅಲ್ಲಿಂದ ಹೆಚ್ಚುಕಡಿಮೆ 12 ಗಂಟೆಗೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಚುಚ್ಚಿಕೊಂಡರೆ ರಾತ್ರಿ ಏಳಕ್ಕೆ 25, ಮಂಗಳವಾರ ಬೆಳಿಗ್ಗೆ ಹನ್ನೆರಡೂವರೆ, ಅಂದು ರಾತ್ರಿ ಆರು ಚಿಲ್ಲರೆ, ಬುಧವಾರ ಬೆಳಿಗ್ಗೆ ಮೂರು. ಅಷ್ಟರಲ್ಲಿ ಬುಧವಾರದ ಡೋಸ್ ಬರುತ್ತದೆ. ಶುಕ್ರವಾರದ ಡೋಸಿನ ನಂತರ ಮಾತ್ರ ಮೂರು ದಿನದ ಅಂತರ. ಭಾನುವಾರ ರಾತ್ರಿ ಒಂದೂವರೆ, ಸೋಮವಾರ ಬೆಳಗಿನ ಜಾವಕ್ಕೆ ಗೆರೆಯ ಕೆಳಗೆ. ವಾರದ 168 ಗಂಟೆಗಳಲ್ಲಿ ಅವನು ‘ತೀವ್ರ ರೋಗಿ’ಯಾಗಿರುವುದು ಆ ನಾಲ್ಕೈದು ಗಂಟೆ ಮಾತ್ರ. ಮೈಯಿಂದ ಮೈಗೆ ಈ ಅಂಕಿಗಳು ಬದಲಾಗುತ್ತವೆ: ಕೆಲವರಲ್ಲಿ 8 ಗಂಟೆಗೇ ಅರ್ಧವಾಗುತ್ತದೆ, ಕೆಲವರಲ್ಲಿ ನಿಧಾನ. ಒಂಬತ್ತನೆಯ ಫ್ಯಾಕ್ಟರ್ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ.

ಇಷ್ಟೆಲ್ಲ ಜಾಗ್ರತೆ ಏಕೆಂದರೆ ಕೀಲು ರಕ್ತವನ್ನು ಸಹಿಸುವುದಿಲ್ಲ. ಕೀಲಿನ ಒಳಗೋಡೆಗೆ ಅಂಟಿಕೊಂಡ ತೆಳುಪೊರೆ ಒಳಗೆ ಬಂದ ರಕ್ತವನ್ನು ಹೀರಿ ಸ್ವಚ್ಛಗೊಳಿಸಲು ನೋಡುತ್ತದೆ. ರಕ್ತದ ಕಬ್ಬಿಣ ಪೊರೆಯಲ್ಲೇ ತುಕ್ಕಿನಂತೆ ಉಳಿಯುತ್ತದೆ. ಪೊರೆ ಕೆರಳಿ, ದಪ್ಪಗಾಗಿ, ಅದರೊಳಗೆ ಹೊಸ ರಕ್ತನಾಳಗಳು ಹುಟ್ಟುತ್ತವೆ. ಎಳೆಯ ಆ ನಾಳಗಳು ಸುಲಭವಾಗಿ ಒಡೆಯುತ್ತವೆ, ಮತ್ತೆ ರಕ್ತ. ಒಮ್ಮೆ ಹೀಗಾದ ಮಂಡಿಯಲ್ಲೇ ಮತ್ತೆ ಮತ್ತೆ ಆಗುವುದು ಇದರಿಂದಲೇ. ಆರು ತಿಂಗಳಲ್ಲಿ ಒಂದೇ ಕೀಲಿನಲ್ಲಿ ಮೂರು ಸಲ ತಾನಾಗಿ ರಕ್ತಸ್ರಾವವಾದರೆ ಅದನ್ನು ‘ಟಾರ್ಗೆಟ್ ಜಾಯಿಂಟ್’ ಎನ್ನುತ್ತಾರೆ. ಮೂಳೆಯ ತುದಿಗೆ ಮೆತ್ತೆಯಾಗಿರುವ ಮೃದ್ವಸ್ಥಿ ರಕ್ತದ ನೇರ ಸಂಪರ್ಕದಲ್ಲೇ ಸವೆಯುತ್ತದೆ. ಅದಕ್ಕೆ ಮತ್ತೆ ಬೆಳೆಯುವ ಶಕ್ತಿ ಇಲ್ಲವೆಂಬಷ್ಟು ಕಡಿಮೆ. ಆಸ್ಪತ್ರೆಗೆ ಹೋಗಿ ಹಾಕಿಸಿಕೊಂಡ ಫ್ಯಾಕ್ಟರ್ ಹೊಸ ರಕ್ತ ಬರುವುದನ್ನು ನಿಲ್ಲಿಸುತ್ತದೆ. ಆಗಲೇ ಒಳಗೆ ಬಿದ್ದ ರಕ್ತವನ್ನು ಅದು ಏನೂ ಮಾಡದು.

ಮಾಲ್ಮೋದ ಗುಂಪು 1992ರಲ್ಲಿ 25 ವರ್ಷಗಳ ಅನುಭವವನ್ನು ಪ್ರಕಟಿಸಿತು. 60 ರೋಗಿಗಳಲ್ಲಿ, ಒಂದೆರಡು ವರ್ಷದ ವಯಸ್ಸಿಗೇ ಪೂರ್ಣ ಪ್ರಮಾಣದ ಚಿಕಿತ್ಸೆ ಶುರುವಾದ ಕಿರಿಯರ ಕೀಲುಗಳು ಸಹಜವಾಗಿದ್ದವು. 2007ರಲ್ಲಿ ಅಮೆರಿಕದ ಮೆರಿಲಿನ್ ಮ್ಯಾಂಕೊ-ಜಾನ್ಸನ್ ತಂಡ 65 ಹುಡುಗರ ಮೇಲೆ ನಡೆಸಿದ ಪರೀಕ್ಷೆ ಉಳಿದ ಸಂಶಯವನ್ನೂ ತೆಗೆಯಿತು. ಆರು ವರ್ಷ ತುಂಬುವ ಹೊತ್ತಿಗೆ ಮುಂಚಿತ ಚಿಕಿತ್ಸೆ ಪಡೆದವರಲ್ಲಿ ಶೇ. 93ರಷ್ಟು ಮಕ್ಕಳ ಕೀಲುಗಳು ಎಂಆರ್‌ಐಯಲ್ಲಿ ಸಹಜವಾಗಿ ಕಂಡವು, ಆದಾಗ ಮಾತ್ರ ಪಡೆದವರಲ್ಲಿ ಶೇ. 55.

ಆದರೆ ನಮ್ಮ ಮೂವತ್ತೈದರವನ ಕಥೆ? ಅವನ ಎಡ ಮಂಡಿ ಹತ್ತು ವರ್ಷದವನಿದ್ದಾಗಲೇ ಕೆಟ್ಟಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ದೊಡ್ಡವರ ಪ್ರೊಫಿಲ್ಯಾಕ್ಸಿಸ್‌ಗೆ ಬಹಳ ಕಾಲ ಅನ್ವಯಿಸಿದರು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಗಾದೆ ಇಲ್ಲಿ ಹೊಂದುವುದಿಲ್ಲ. ಈ ಊರಿಗೆ ಕಳ್ಳರು ಬಂದುಹೋದವರಲ್ಲ, ವಾರವಾರವೂ ಬರುತ್ತಿರುವವರು. ಎಡ ಮಂಡಿ ಹೋಗಿದ್ದರೆ ಬಲ ಮಂಡಿ ಇದೆ, ಎರಡು ಮೊಣಕೈ ಇವೆ, ಮಿದುಳಿದೆ, ಕೆಲಸಕ್ಕೆ ಹೋಗಬೇಕಾದ ನಾಳೆ ಇದೆ.

ಇದನ್ನು ಅಳೆದು ನೋಡಿದ ಪರೀಕ್ಷೆಗಳು ಕಡಿಮೆ, ಆದರೆ ಅವು ಹೇಳಿದ್ದು ಸ್ಪಷ್ಟ. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಪೀಟರ್ ಕಾಲಿನ್ಸ್ ಮತ್ತು ಇತರರ ಅಧ್ಯಯನದಲ್ಲಿ ಇದ್ದವರು ಇಪ್ಪತ್ತರಷ್ಟು ಮಂದಿ ಮಾತ್ರ, ಎಲ್ಲರೂ 30ರಿಂದ 45 ವರ್ಷದವರು. ಮೊದಲ ಆರು ತಿಂಗಳು ಆದಾಗ ಮಾತ್ರ ಚಿಕಿತ್ಸೆ, ಆಮೇಲೆ ವಾರಕ್ಕೆ ಮೂರು ಸಲ ಮುಂಚಿತ ಚಿಕಿತ್ಸೆ. ಇದರ ಸೊಗಸೆಂದರೆ ಹೋಲಿಕೆ ಬೇರೊಬ್ಬನ ಜೊತೆಗಲ್ಲ, ಅದೇ ಮನುಷ್ಯ, ಅದೇ ಮಂಡಿ, ಅದೇ ಕೆಲಸ. ಮೊದಲ ಆರು ತಿಂಗಳಲ್ಲಿ ಕೀಲಿನ ರಕ್ತಸ್ರಾವಗಳ ಮಧ್ಯಾಂಕ 15, ನಂತರದ ಆರು ತಿಂಗಳಲ್ಲಿ ಸೊನ್ನೆ. ಮೂರು ವರ್ಷದ ಬಳಿಕ ಮ್ಯಾಂಕೊ-ಜಾನ್ಸನ್ ತಂಡದ ‘ಸ್ಪಿನಾರ್ಟ್’ ಪರೀಕ್ಷೆ 12ರಿಂದ 50 ವರ್ಷದ 84 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿತು. ಆದಾಗ ಮಾತ್ರ ಔಷಧ ಪಡೆದ ಗುಂಪಿನಲ್ಲಿ ವರ್ಷಕ್ಕೆ ರಕ್ತಸ್ರಾವಗಳ ಮಧ್ಯಾಂಕ ಸುಮಾರು 28. ಇನ್ನೊಂದು ಗುಂಪಿನಲ್ಲಿ, ಇಲ್ಲೂ, ಸೊನ್ನೆ.

ವರ್ಷಕ್ಕೆ 28 ಎಂಬುದನ್ನು ಓದಿ ಮುಂದೆ ಹೋಗಬೇಡಿ. ಹದಿಮೂರು ದಿನಕ್ಕೊಂದು. ಪ್ರತಿಯೊಂದಕ್ಕೂ ಒಂದು ನಿದ್ದೆಗೆಟ್ಟ ರಾತ್ರಿ, ಎರಡು ಮೂರು ದಿನ ಕುಂಟು ನಡಿಗೆ, ಮೇಲಧಿಕಾರಿಗೆ ಅದೇ ವಿವರಣೆ. ಇಂಥ ಮನುಷ್ಯನಿಗೆ ಯಾರು ಕಾಯಂ ಕೆಲಸ ಕೊಡುತ್ತಾರೆ?

ಸ್ಪಿನಾರ್ಟ್ ಇನ್ನೊಂದು ಸಂಗತಿಯನ್ನೂ ತೋರಿಸಿತು, ಅದನ್ನು ಮುಚ್ಚಿಡಬಾರದು. ಮೂರು ವರ್ಷಗಳ ನಂತರ ಎಂಆರ್‌ಐ ಅಂಕಗಳಲ್ಲಿ ಎರಡು ಗುಂಪುಗಳ ನಡುವೆ ಖಚಿತ ಅಂತರ ಸಿಗಲಿಲ್ಲ. ಸವೆದ ಮೃದ್ವಸ್ಥಿ ಮರಳಿ ಬರುವುದಿಲ್ಲ, ಹಾಳಾಗುವಿಕೆ ನಿಧಾನವಾಗುವುದನ್ನು ಚಿತ್ರದಲ್ಲಿ ಕಾಣಲು ಮೂರು ವರ್ಷ ಸಾಲದಿರಬಹುದು. ಆದ್ದರಿಂದ ವಯಸ್ಕನಿಗೆ ‘ನಿಮ್ಮ ಮಂಡಿ ಸರಿಹೋಗುತ್ತದೆ’ ಎಂದು ಹೇಳುವ ವೈದ್ಯರು ಸುಳ್ಳು ಹೇಳಿದಂತಾಗುತ್ತದೆ. ‘ನಿಮ್ಮ ಮಂಡಿ ಹೀಗೇ ಇರುತ್ತದೆ, ರಾತ್ರಿಗಳು ಬದಲಾಗುತ್ತವೆ’ ಎಂದರೆ ಅದು ನಿಜ.

ಚಿಕ್ಕಂದಿನಿಂದ ಪ್ರೊಫಿಲ್ಯಾಕ್ಸಿಸ್ ಪಡೆದು, ಯೌವನದಲ್ಲಿ ಬಿಟ್ಟವರದು ಬೇರೊಂದು ಪಾಠ. ನೆದರ್‌ಲ್ಯಾಂಡ್ಸ್ ಮತ್ತು ಡೆನ್ಮಾರ್ಕ್‌ನಲ್ಲಿ ಹೀಗೆ ಬೆಳೆದ ಯುವಕರಲ್ಲಿ ಸುಮಾರು ಮೂರನೇ ಒಂದು ಭಾಗ ತಾವಾಗಿಯೇ ನಿಲ್ಲಿಸಿದ್ದರು. ಹಲವರಿಗೆ ರಕ್ತಸ್ರಾವ ವರ್ಷಕ್ಕೆ ಬೆರಳೆಣಿಕೆಯಷ್ಟು. ನೋಡಿದರೆ ಬಿಟ್ಟದ್ದೇ ಸರಿ ಅನ್ನಿಸುತ್ತದೆ. ಡಚ್ ವೈದ್ಯರು ಹತ್ತು ವರ್ಷ ಬಿಟ್ಟು ಅಂಥವರ ಕೀಲು ಪರೀಕ್ಷಿಸಿದಾಗ, ಮುಂದುವರಿಸಿದವರಿಗಿಂತ ಅವು ಕೆಟ್ಟಿದ್ದವು. ಅರಿವಿಗೇ ಬಾರದಷ್ಟು ಸಣ್ಣ ಒಸರುವಿಕೆಗಳೂ ಲೆಕ್ಕಕ್ಕೆ ಬರುತ್ತವೆ ಎಂದೇ ಇದರರ್ಥ. ಬ್ಲೀಡಿಂಗ್ ಅನುಭವಕ್ಕೆ ಬಂದಾಗ ಮಾತ್ರ ಔಷಧ ಎಂಬ ಪದ್ಧತಿಗೆ ಈ ಒಸರು ಎಂದೂ ಸಿಗುವುದಿಲ್ಲ. ವಿಶ್ವ ಹಿಮೋಫಿಲಿಯಾ ಒಕ್ಕೂಟ 2020ರ ತನ್ನ ಮಾರ್ಗಸೂಚಿಯಲ್ಲಿ, ಆದಾಗ ಮಾತ್ರ ಕೊಡುವುದನ್ನು ದೀರ್ಘಕಾಲದ ಚಿಕಿತ್ಸೆಯೆಂದು ಒಪ್ಪಲಾಗದು ಎಂಬ ನಿಲುವಿಗೆ ಬಂದಿತು.

‘ಎಲ್ಲ ಸರಿ, ಅಷ್ಟು ಫ್ಯಾಕ್ಟರ್ ಎಲ್ಲಿಂದ ತರೋದು?’ ನಮ್ಮಲ್ಲಿ ಮಾತು ನಿಲ್ಲುವುದು ಇಲ್ಲಿ. ವಾರಕ್ಕೆ ಮೂರು ಸಲ 1,500 ಯೂನಿಟ್ ಎಂದರೆ ವರ್ಷಕ್ಕೆ 2,34,000. ನಿಜಕ್ಕೂ ದೊಡ್ಡ ಮೊತ್ತ. ಆದರೆ ಪೂರ್ಣ ಡೋಸ್ ಇಲ್ಲವೇ ಏನೂ ಇಲ್ಲ ಎಂದು ಯಾರು ಹೇಳಿದರು? ಕಿಲೋಗೆ 10 ಯೂನಿಟ್, ವಾರಕ್ಕೆರಡು ಸಲ: ಇಂಥ ಕಡಿಮೆ ಡೋಸನ್ನು ಭಾರತದಲ್ಲೂ ಚೀನಾದಲ್ಲೂ ಮಕ್ಕಳಿಗೆ ಕೊಟ್ಟು ನೋಡಿದ್ದಾರೆ, ರಕ್ತಸ್ರಾವಗಳು ಗಣನೀಯವಾಗಿ ಇಳಿದಿವೆ. ನಮ್ಮ 60 ಕಿಲೋದವನಿಗೆ ಇದು ಪ್ರತಿ ಸಲ 600 ಯೂನಿಟ್. ಮಟ್ಟ 20ಕ್ಕೆ ಏರಿ, ಗೆರೆಗೆ ಇಳಿಯಲು ಸುಮಾರು 52 ಗಂಟೆ ಹಿಡಿಯುತ್ತದೆ. ವಾರದ 168 ಗಂಟೆಗಳಲ್ಲಿ 104 ಗಂಟೆ ಅವನು ಗೆರೆಯ ಮೇಲಿರುತ್ತಾನೆ. ವರ್ಷಕ್ಕೆ ಬೇಕಾಗುವುದು 62,400 ಯೂನಿಟ್. ಈಗ ಇದೇ ಮನುಷ್ಯ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 30 ಸಲ ಆಸ್ಪತ್ರೆಗೆ ಬಂದು, ಪ್ರತಿ ಸಲ 1,500ರಂತೆ ಎರಡು ಡೋಸ್ ಪಡೆದ ಎನ್ನಿ. 90,000 ಯೂನಿಟ್! ಕಡಿಮೆ ಡೋಸಿನಲ್ಲೂ ನಡುನಡುವೆ ಒಂದಷ್ಟು ಬ್ಲೀಡಿಂಗ್ ಆಗುತ್ತದೆ, ಅದಕ್ಕೂ ಔಷಧ ಬೇಕು, ಒಪ್ಪೋಣ. ಆದರೂ ‘ತಡೆಯುವುದು ದುಬಾರಿ’ ಎಂಬ ಮಾತನ್ನು ಈ ಲೆಕ್ಕ ಮಾಡದೆ ಯಾರೂ ಆಡಬಾರದು.

ಸೂಜಿಯ ಕಷ್ಟವೂ ಸಣ್ಣದಲ್ಲ. ವಯಲ್‌ಗೆ ನೀರು ಸೇರಿಸಿ, ನೊರೆ ಬಾರದಂತೆ ಅಲ್ಲಾಡಿಸದೆ ಅಂಗೈಗಳ ನಡುವೆ ಮೆಲ್ಲಗೆ ತಿರುಗಿಸಿ, ಪುಡಿ ಪೂರ್ತಿ ಕರಗಿದ ಮೇಲೆ ಸಿರಿಂಜಿಗೆ ಎಳೆದು, ತೋಳಿಗೆ ಪಟ್ಟಿ ಬಿಗಿದು, ಬಟರ್‌ಫ್ಲೈ ಸೂಜಿಯಲ್ಲಿ ನರ ಹುಡುಕಿ, ನಿಧಾನವಾಗಿ ನೂಕಬೇಕು. ಮೊಣಕೈ ಕೀಲು ಹೋದವನು ತನ್ನ ಕೈಗೆ ತಾನೇ ಇದನ್ನು ಮಾಡಿಕೊಳ್ಳುವುದನ್ನು ಊಹಿಸಿಕೊಳ್ಳಿ. ಆದ್ದರಿಂದಲೇ ಎಮಿಸಿಜುಮ್ಯಾಬ್ ಎಂಬ ಔಷಧ ಬಂದಾಗ ಹಿಮೋಫಿಲಿಯಾ ಕುಟುಂಬಗಳು ಅಷ್ಟೊಂದು ಹಿಗ್ಗಿದ್ದು. ಜಪಾನಿನ ಚುಗಾಯ್ ಕಂಪನಿ ರೂಪಿಸಿದ ಇದು ಫ್ಯಾಕ್ಟರ್ ಅಲ್ಲವೇ ಅಲ್ಲ. ಎಂಟನೆಯ ಫ್ಯಾಕ್ಟರಿನ ಕೆಲಸ ಒಂಬತ್ತನೆಯದನ್ನೂ ಹತ್ತನೆಯದನ್ನೂ ಹತ್ತಿರ ತಂದು ಕೂಡಿಸುವುದು. ಈ ಪ್ರತಿಕಾಯ ಒಂದು ಕೈಯಲ್ಲಿ ಒಬ್ಬರನ್ನು, ಇನ್ನೊಂದು ಕೈಯಲ್ಲಿ ಮತ್ತೊಬ್ಬರನ್ನು ಹಿಡಿದು ಅದೇ ಕೆಲಸ ಮಾಡಿಸುತ್ತದೆ. ನರ ಬೇಡ, ಚರ್ಮದಡಿಗೆ ಚುಚ್ಚಿದರೆ ಸಾಕು. ದೇಹದಲ್ಲಿ ಅರ್ಧವಾಗಲು ಸುಮಾರು ನಾಲ್ಕು ವಾರ ಬೇಕು. 2018ರ ‘ಹೇವನ್ 3’ ಪರೀಕ್ಷೆಯಲ್ಲಿ 12 ವರ್ಷ ಮೀರಿದ 152 ಜನರಿದ್ದರು. ಮುಂಚಿತ ಚಿಕಿತ್ಸೆ ಇಲ್ಲದವರಲ್ಲಿ ವರ್ಷಕ್ಕೆ 38ರಷ್ಟು ರಕ್ತಸ್ರಾವಗಳಾದರೆ, ಈ ಔಷಧ ಪಡೆದವರಲ್ಲಿ ಒಂದೂವರೆಗಿಂತ ಹೆಚ್ಚಿರಲಿಲ್ಲ. ಇದು ಹಿಮೋಫಿಲಿಯಾ ಎಗೆ ಮಾತ್ರ. ದೊಡ್ಡ ಅಪಘಾತ, ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಫ್ಯಾಕ್ಟರ್ ಬೇಕೇ ಬೇಕು. ಇದರ ಬೆಲೆ ಬಹುಪಾಲು ಮನೆಗಳ ಕೈಗೆಟುಕುವುದಲ್ಲ.

ಇನ್ನೂ ಮುಂದಿನ ದಾರಿ ನಮ್ಮ ಪಕ್ಕದಲ್ಲೇ ತೆರೆಯುತ್ತಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ತೀವ್ರ ಹಿಮೋಫಿಲಿಯಾ ಎ ಇರುವ ಐವರು ವಯಸ್ಕರ ರಕ್ತಮೂಲ ಕೋಶಗಳಿಗೇ ಎಂಟನೆಯ ಫ್ಯಾಕ್ಟರಿನ ಜೀನ್ ಸೇರಿಸಿ ಮರಳಿ ಕೊಟ್ಟ ಫಲಿತಾಂಶವನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಚಿಕಿತ್ಸೆಯ ನಂತರ ಅವರನ್ನು ಗಮನಿಸಿದ ಅವಧಿಯಲ್ಲಿ ಐವರಿಗೂ ಒಂದೂ ರಕ್ತಸ್ರಾವವಾಗಿರಲಿಲ್ಲ. ಐವರ ಫಲಿತಾಂಶ ಐವರದೇ. ಆದರೂ ಇದು ಇಲ್ಲೇ, ಇಲ್ಲಿಯ ರೋಗಿಗಳಿಗಾಗಿ ನಡೆದ ಕೆಲಸ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಕರ್ನಾಟಕದಲ್ಲಿ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಈ ಕುಟುಂಬಗಳ ಬೆನ್ನಿಗೆ ನಿಂತು ವರ್ಷಗಳೇ ಆದವು. ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಸಿಗುವಂತಾದದ್ದು ರೋಗಿಗಳೂ ಅವರ ಸಂಘಟನೆಗಳೂ ಪಟ್ಟುಹಿಡಿದು ಕೇಳಿದ್ದರಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನೂ ತನ್ನ 21 ವಿಧಗಳ ಪಟ್ಟಿಗೆ ಸೇರಿಸಿದೆ. ಮುಂದೆ ಕೇಳಬೇಕಾದದ್ದು ವಯಸ್ಕರ ಪ್ರೊಫಿಲ್ಯಾಕ್ಸಿಸ್. ಅದಕ್ಕೆ ಅಂಕಿಗಳು ಬೇಕು. ನಿಮ್ಮ ಮನೆಯಲ್ಲಿ ತೀವ್ರ ಹಿಮೋಫಿಲಿಯಾ ಇರುವ ಅಣ್ಣನೋ ತಮ್ಮನೋ ಗಂಡನೋ ಇದ್ದರೆ, ಇವತ್ತೇ ಒಂದು ನೋಟುಬುಕ್ ತೆಗೆದಿಡಿ. ಪ್ರತಿ ಬ್ಲೀಡಿಂಗಿನ ತಾರೀಕು, ಯಾವ ಕೀಲು, ಶುರುವಾದದ್ದು ಎಷ್ಟು ಗಂಟೆಗೆ, ಫ್ಯಾಕ್ಟರ್ ಸಿಕ್ಕಿದ್ದು ಎಷ್ಟು ಗಂಟೆಗೆ, ಎಷ್ಟು ಯೂನಿಟ್, ಕೆಲಸ ತಪ್ಪಿದ ದಿನಗಳೆಷ್ಟು, ಎಲ್ಲವನ್ನೂ ಬರೆಯಿರಿ. ಮೂರು ತಿಂಗಳ ನಂತರ ಆ ಪುಸ್ತಕವನ್ನು ಡಾಕ್ಟರ ಮೇಜಿನ ಮೇಲಿಟ್ಟು, ಇಷ್ಟೇ ಯೂನಿಟ್‌ಗಳನ್ನು ವಾರಕ್ಕೆರಡು ಸಲದಂತೆ ಹಂಚಿ ಮೊದಲೇ ಕೊಟ್ಟರೆ ಏನಾಗುತ್ತದೆ ಎಂದು ಕೇಳಿ.